ಹೆಸರಿಲ್ಲದ ಡ್ರಮ್ಮಿನ ದ್ರಾವಕ: ಯಾವ ಕಾನೂನು ಹಿಡಿದು ಯಾರನ್ನು ಕೇಳಬೇಕು?

ನಿಟುವಳ್ಳಿ ಅಕ್ಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಇಪ್ಪತ್ತಾರು ವರ್ಷ. ದಾವಣಗೆರೆಯ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ಸಿನಲ್ಲಿ ನಾಲ್ಕು ವರ್ಷಗಳಿಂದ ಕೆಲಸಕ್ಕಿದ್ದಾನೆ. ಅಲ್ಲಿ ಅವನೂ ಸೇರಿ ಏಳು ಜನ ದುಡಿಯುತ್ತಾರೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕಗಳ ಕೆಲಸ. ಬಣ್ಣ ಬದಲಿಸಿದಾಗಲೆಲ್ಲ ರೋಲರ್ ಮತ್ತು ಬ್ಲಾಂಕೆಟ್ (ಇಂಕನ್ನು ಕಾಗದಕ್ಕೆ ಒತ್ತುವ ರಬ್ಬರ್ ಹಾಳೆ) ಒರೆಸಬೇಕಾಗುತ್ತದೆ. ಬನಿಯನ್ ವೇಸ್ಟನ್ನು ದ್ರಾವಕದಲ್ಲಿ ಅದ್ದಿ ಬರಿಗೈಯಲ್ಲಿ ಒರೆಸುತ್ತಾರೆ. ಲಗ್ನದ ಸೀಜನ್ನಿನಲ್ಲಿ ದಿನಕ್ಕೆ ಹೆಚ್ಚು ಕಡಿಮೆ ಒಂದು ಲೀಟರ್ ಖರ್ಚಾಗುತ್ತದೆ ಎಂದು ಅವನೇ ಹೇಳಿದ್ದಾನೆ.

ದೀಪಾವಳಿಯ ನಂತರ ಅವನ ಎರಡೂ ಕಾಲಿನ ಬೆರಳುಗಳು ಜೋಮು ಹಿಡಿದಂತಾಗಲು ಶುರುವಾಯಿತು. ಮೊದಲು ನಾವು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಹೋದ ತಿಂಗಳು ಸಂತೆಯಿಂದ ಇಬ್ಬರೂ ನಡೆದು ಬರುತ್ತಿದ್ದಾಗ ಅವನ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಬಿತ್ತು. ಅವನು ಹತ್ತು ಹೆಜ್ಜೆ ಬರಿಗಾಲಿನಲ್ಲಿ ನಡೆದ, ಅವನಿಗೆ ಗೊತ್ತೇ ಆಗಲಿಲ್ಲ. ಚಪ್ಪಲಿ ಎತ್ತಿಕೊಂಡವಳು ನಾನು. ಆವತ್ತಿನಿಂದ ನನಗೆ ನಿದ್ದೆ ಸರಿಯಾಗಿಲ್ಲ.

ವೈದ್ಯರು ಸಕ್ಕರೆ ಪರೀಕ್ಷೆ ಮಾಡಿಸಿದರು, ಸರಿಯಾಗಿದೆ. ಬಿ-12 ಮಾತ್ರೆ ಕೊಟ್ಟಿದ್ದಾರೆ. ಕೆಲಸ ಏನೆಂದು ಅವರು ಕೇಳಲಿಲ್ಲ, ಇವನೂ ಹೇಳಲಿಲ್ಲ. ಪ್ರೆಸ್ಸಿಗೆ ಹೋಗಿ ಡ್ರಮ್ ನೋಡಿ ಬಂದೆ. ಇನ್ನೂರು ಲೀಟರಿನ ನೀಲಿ ಡ್ರಮ್, ಲೇಬಲ್ ಹರಿದು ಅಂಚು ಮಾತ್ರ ಉಳಿದಿದೆ, ಮೇಲೆ ಸೀಮೆಸುಣ್ಣದಲ್ಲಿ ‘ವಾಶ್’ ಎಂದು ಬರೆದಿದ್ದಾರೆ. ಅದರಲ್ಲಿರುವುದು ಏನು ಎಂದು ಕೇಳಿದರೆ ಮಾಲೀಕರು, ‘ಎಲ್ಲ ಪ್ರೆಸ್ಸಿನವರೂ ಇದನ್ನೇ ಹಾಕುವುದಮ್ಮಾ, ಇಪ್ಪತ್ತು ವರ್ಷದಿಂದ ನಾನೂ ಇದರಲ್ಲೇ ಕೈ ಅದ್ದಿದ್ದೇನೆ’ ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಆದರೆ ಡ್ರಮ್ಮಿನಲ್ಲಿ ಏನಿದೆ ಎಂದು ಅವರಿಗೂ ತಿಳಿಯದು.

ನನ್ನ ಪ್ರಶ್ನೆ ಇಷ್ಟೇ: ಇಂಥ ರಾಸಾಯನಿಕವನ್ನು ಮಾರುವ ಮೊದಲು ಯಾರಾದರೂ ಪರೀಕ್ಷಿಸಿರುತ್ತಾರೆಯೇ? ಅದರೊಳಗೆ ಏನಿದೆ ಎಂದು ಕೇಳಿ ತಿಳಿಯುವ ಹಕ್ಕು ನಮಗೆ ಇದೆಯೇ?

ರಸಾಯನಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ಅಕ್ಕ, ನಾನು ವೈದ್ಯನಲ್ಲ. ಆದರೂ ನೀವು ಬರೆದದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಎರಡೂ ಕಾಲಿನ ಬೆರಳಿನಿಂದ ಶುರುವಾಗುವ ಜೋಮು, ಸಕ್ಕರೆ ಸರಿಯಾಗಿರುವುದು, ರೋಲರ್ ಒರೆಸುವ ಕೆಲಸ: ಈ ಮೂರನ್ನೂ ಒಟ್ಟಿಗೆ ಇಟ್ಟರೆ ಮೊದಲು ಅನುಮಾನ ಪಡಬೇಕಾದ ವಸ್ತು ಎನ್-ಹೆಕ್ಸೇನ್. ಪೆಟ್ರೋಲಿಯಂನಿಂದ ಬರುವ, ಬೇಗ ಆವಿಯಾಗುವ, ಇಂಕಿನ ಜಿಡ್ಡನ್ನು ಚೆನ್ನಾಗಿ ತೆಗೆಯುವ ಅಗ್ಗದ ದ್ರಾವಕ ಇದು. ದೇಹದೊಳಗೆ ಹೋದ ಮೇಲೆ ಯಕೃತ್ತು ಇದನ್ನು 2,5-ಹೆಕ್ಸೇನ್‌ಡಯೋನ್ ಎಂಬ ವಸ್ತುವಾಗಿ ಬದಲಿಸುತ್ತದೆ. ನರಕ್ಕೆ ಹಾನಿ ಮಾಡುವುದು ಮುಖ್ಯವಾಗಿ ಅದು. ದೇಹದ ಅತಿ ಉದ್ದದ ನರಗಳು ಮೊದಲು ಸೋಲುತ್ತವೆ, ಆದ್ದರಿಂದ ಕಾಲಿನ ಬೆರಳುಗಳಲ್ಲಿ ಮೊದಲು ಗೊತ್ತಾಗುತ್ತದೆ, ಕೈಬೆರಳು ಆಮೇಲೆ. 1960ರ ದಶಕದಲ್ಲಿ ಜಪಾನಿನಲ್ಲಿ ಅಂಟು ಬಳಸಿ ಚಪ್ಪಲಿ ಮಾಡುತ್ತಿದ್ದವರಲ್ಲಿ ಇದೇ ಕಾಯಿಲೆ ಕಂಡಿತ್ತು. 2009ರ ಹೊತ್ತಿಗೆ ಚೀನಾದ ಸೂಚೌ ನಗರದಲ್ಲಿ ಫೋನಿನ ಗಾಜನ್ನು ಹೆಕ್ಸೇನ್‌ನಿಂದ ಒರೆಸುತ್ತಿದ್ದ 137 ಕಾರ್ಮಿಕರಿಗೆ ಬಂದದ್ದೂ ಇದೇ.

ಇದೇ ಎಂದು ನಾನು ತೀರ್ಪು ಕೊಡುತ್ತಿಲ್ಲ. ನರಗಳ ತಜ್ಞರ ಹತ್ತಿರ ಕರೆದೊಯ್ದು ಎನ್‌ಸಿವಿ, ಅಂದರೆ ನರದಲ್ಲಿ ಸಂಕೇತ ಎಷ್ಟು ವೇಗವಾಗಿ ಹರಿಯುತ್ತದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿ. ‘ನಾಲ್ಕು ವರ್ಷದಿಂದ ದ್ರಾವಕದಲ್ಲಿ ಕೆಲಸ’ ಎಂಬ ಮಾತನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ. ಅಲ್ಲಿಯವರೆಗೆ ಅವನು ಆ ಡ್ರಮ್ಮಿನಿಂದ ದೂರ ಇರಲಿ. ಇದು ಇವತ್ತಿನಿಂದಲೇ ಆಗಬೇಕು.

ಡ್ರಮ್ ಎಲ್ಲಿಂದ ಬಂತು ಎಂದು ಬಿಲ್ ನೋಡಿ, ಮಾರಿದವರಿಂದ ಸುರಕ್ಷತಾ ಮಾಹಿತಿ ಪತ್ರವನ್ನು, ಅಂದರೆ ಎಲ್ಲರೂ ಎಂಎಸ್‌ಡಿಎಸ್ ಎನ್ನುವುದನ್ನು, ಕೇಳಿ. ಅದರಲ್ಲಿ ಮೊದಲು ನೋಡಬೇಕಾದದ್ದು ಕ್ಯಾಸ್ ಸಂಖ್ಯೆ, ಅಂದರೆ ಒಂದೊಂದು ರಾಸಾಯನಿಕಕ್ಕೂ ಕೊಟ್ಟಿರುವ ಗುರುತಿನ ಸಂಖ್ಯೆ. ವ್ಯಾಪಾರದ ಹೆಸರು ಊರಿಗೊಂದು ಇರುತ್ತದೆ, ಆದರೆ ಆ ಸಂಖ್ಯೆ ಲೋಕಕ್ಕೆಲ್ಲ ಒಂದೇ. ಎನ್-ಹೆಕ್ಸೇನ್‌ನದು 110-54-3.

ಚಳ್ಳಕೆರೆ ಗಿರಣಿ ಸೂಪರ್‌ವೈಸರ್

ಹೆಕ್ಸೇನ್ ಎಂದಾಗ ಬರೆಯದೆ ಇರಲಾಗಲಿಲ್ಲ. ನಮ್ಮ ಚಳ್ಳಕೆರೆ ಹೆಸರಾದದ್ದೇ ಎಣ್ಣೆಯಿಂದ. ಗಾಣದಲ್ಲಿ ಹಿಂಡಿದ ಮೇಲೂ ಶೇಂಗಾ ಹಿಂಡಿಯಲ್ಲಿ ಉಳಿಯುವ ಎಣ್ಣೆಯನ್ನು ಸಾಲ್ವೆಂಟ್ ಪ್ಲಾಂಟಿನಲ್ಲಿ ಹೆಕ್ಸೇನ್ ಹಾಕಿ ತೆಗೆಯುತ್ತೇವೆ, ಆಮೇಲೆ ಆವಿ ಮಾಡಿ ಹೆಕ್ಸೇನ್ ಮರಳಿ ಪಡೆಯುತ್ತೇವೆ. ನಾನು ಹತ್ತೊಂಬತ್ತು ವರ್ಷ ಅಂಥ ಪ್ಲಾಂಟಿನಲ್ಲಿ ಕೆಲಸ ಮಾಡಿದ್ದೇನೆ.

ಅಲ್ಲಿ ಬೆಂಕಿಯ ಭಯ ಎಷ್ಟಿತ್ತೆಂದರೆ, ಗೇಟಿನಲ್ಲೇ ಬೀಡಿ, ಬೆಂಕಿಪೊಟ್ಟಣ, ಮೊಬೈಲು ಎಲ್ಲ ಇಟ್ಟು ಒಳಗೆ ಹೋಗಬೇಕಿತ್ತು. ಸ್ಪ್ಯಾನರ್‌ಗಳು ಕಿಡಿ ಹಾರದ ಮಿಶ್ರಲೋಹದವು. ಹೆಕ್ಸೇನ್ ಆವಿ ಸೊನ್ನೆಗಿಂತ 22 ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲದು. ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ, ಆದ್ದರಿಂದ ಸೋರಿದರೆ ನೆಲದ ಗುಂಡಿಗಳಲ್ಲಿ ನೀರಿನಂತೆ ತುಂಬಿಕೊಳ್ಳುತ್ತದೆ. ಸ್ಫೋಟಕ ಇಲಾಖೆಯವರು ನಾಗಪುರದ ಕೇಂದ್ರ ಕಚೇರಿಯ ನಿಯಮದಂತೆ ಒಂದೊಂದು ವಾಲ್ವ್ ಲೆಕ್ಕ ಹಾಕುತ್ತಿದ್ದರು. ಅದು ಸರಿಯಾಗಿಯೇ ಇತ್ತು.

ಆದರೆ ನಮ್ಮಲ್ಲಿ ಯಾರ ಕಾಲಿನ ಬೆರಳನ್ನೂ ಯಾರೂ ಮುಟ್ಟಿ ನೋಡಲಿಲ್ಲ. ನರದ ಮಾತನ್ನು ನಾನು ಇವತ್ತು ಮೊದಲ ಸಲ ಓದುತ್ತಿದ್ದೇನೆ. ಇನ್ನೊಂದು ಸಂಗತಿ: ಗ್ರಾಹಕರಿಗೆ ಹೋಗುವ ಸಂಸ್ಕರಿಸಿದ ಎಣ್ಣೆಯಲ್ಲಿ ಹೆಕ್ಸೇನ್ 5 ಪಿಪಿಎಂಗಿಂತ, ಅಂದರೆ ಹತ್ತು ಲಕ್ಷ ಭಾಗಕ್ಕೆ ಐದು ಭಾಗಕ್ಕಿಂತ, ಹೆಚ್ಚು ಉಳಿಯಬಾರದು ಎಂಬ ನಿಯಮ ನಮಗೆ ಬಾಯಿಪಾಠವಾಗಿತ್ತು, ಲ್ಯಾಬಿನಲ್ಲಿ ನೋಡಿಯೇ ಕಳಿಸುತ್ತಿದ್ದೆವು. ನಾವು ಉಸಿರಾಡುವ ಗಾಳಿಯನ್ನು ಅಳೆಯುವ ಯಂತ್ರ ಇತ್ತು, ಆದರೆ ಅದು ಸ್ಫೋಟದ ಮಟ್ಟ ತಲುಪಿತೇ ಎಂದು ಮಾತ್ರ ಹೇಳುತ್ತಿತ್ತು. ಹೆಕ್ಸೇನ್ ಸ್ಫೋಟದ ಕೆಳಮಿತಿ ಗಾಳಿಯಲ್ಲಿ 1.1 ಶೇಕಡಾ, ಎಂದರೆ 11,000 ಪಿಪಿಎಂ. ನರಕ್ಕೆ ತೊಂದರೆಯಾಗಲು ಎಷ್ಟು ಬೇಕು, ಮೇಷ್ಟ್ರೇ?

ರಸಾಯನಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘ ಹೇಳುವ ಮಿತಿ, ಎಂಟು ಗಂಟೆಯ ಪಾಳಿಗೆ ಸರಾಸರಿ 50 ಪಿಪಿಎಂ. ಅದೇ ದೇಶದ ಸರ್ಕಾರಿ ನಿಯಮದಲ್ಲಿ ಇಂದಿಗೂ 500 ಇದೆ. ಒಂದೇ ವಸ್ತುವಿಗೆ ಒಂದೇ ದೇಶದಲ್ಲಿ ಹತ್ತು ಪಟ್ಟು ವ್ಯತ್ಯಾಸ ಇರುವುದಕ್ಕೆ ಕಾರಣ, ಸರ್ಕಾರಿ ಅಂಕಿ ಅರ್ಧ ಶತಮಾನ ಹಳೆಯದು, ನರರೋಗದ ತಿಳಿವಳಿಕೆ ಬಲಿಯುವ ಮೊದಲಿನದು. ಯಾವ ಲೆಕ್ಕದಲ್ಲೂ ನಿಮ್ಮ ಯಂತ್ರ ಬಡಿದುಕೊಳ್ಳುವ ಎಷ್ಟೋ ಮೊದಲೇ ನರಕ್ಕೆ ಪೆಟ್ಟು ಬಿದ್ದಿರುತ್ತದೆ.

ಅಕ್ಕ, ಅಪಾಯದ ಅಂದಾಜು ಎಂಬುದು ದೊಡ್ಡ ಸಂಸ್ಥೆಗಳು ಮಾತ್ರ ಮಾಡುವಂಥದ್ದು ಎಂದು ತಿಳಿಯಬೇಡಿ. ವಿಷಗುಣ ಒಂದು, ಅಪಾಯ ಇನ್ನೊಂದು. ಬಾವಿಯ ಆಳ ವಿಷಗುಣವಿದ್ದಂತೆ. ಅದರ ಕಟ್ಟೆಯ ಮೇಲೆ ಯಾರು, ಎಷ್ಟು ಹೊತ್ತು, ಹೇಗೆ ಕೂರುತ್ತಾರೆ ಎಂಬುದು ಸೇರಿದಾಗ ಅಪಾಯ. ಪ್ರೆಸ್ಸಿನ ಕೋಣೆಯ ಅಳತೆ ಎಷ್ಟು, ಕಿಟಕಿ ಎಷ್ಟು, ತಿಳಿಸಿ. ಕಾಗದದ ಮೇಲೆ ಲೆಕ್ಕ ಹಾಕಿ ನೋಡೋಣ.

ನಿಟುವಳ್ಳಿ ಅಕ್ಕ

ಕೋಣೆ ಹನ್ನೆರಡು ಅಡಿಗೆ ಹದಿನೈದು ಅಡಿ, ಎತ್ತರ ಹತ್ತು ಅಡಿ. ಕಿಟಕಿ ಒಂದು, ಕಾಗದ ಹಾರುತ್ತದೆಂದು ಅದನ್ನು ಮುಚ್ಚಿರುತ್ತಾರೆ. ಎಕ್ಸಾಸ್ಟ್ ಫ್ಯಾನ್ ಇದೆ, ಕೆಟ್ಟಿದೆ.

ರಸಾಯನಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ಹಾಗಾದರೆ ಕೋಣೆಯ ಗಾತ್ರ 1,800 ಘನ ಅಡಿ, ಸುಮಾರು 51 ಘನ ಮೀಟರ್. ಒಂದು ಲೀಟರ್ ಹೆಕ್ಸೇನ್ ಸುಮಾರು 660 ಗ್ರಾಂ ತೂಗುತ್ತದೆ. ಎಂಟು ಗಂಟೆಯಲ್ಲಿ ಅಷ್ಟೂ ಆವಿಯಾಯಿತೆಂದರೆ ಗಂಟೆಗೆ 82 ಗ್ರಾಂ. ಬಾಗಿಲ ಸಂದಿಯಿಂದ ಗಂಟೆಗೆ ಒಮ್ಮೆ ಕೋಣೆಯ ಗಾಳಿ ಪೂರ್ತಿ ಬದಲಾಗುತ್ತದೆ ಎಂದುಕೊಂಡರೂ, ಪ್ರತಿ ಘನ ಮೀಟರಿನಲ್ಲಿ ಸುಮಾರು 1,600 ಮಿಲಿಗ್ರಾಂ ನಿಲ್ಲುತ್ತದೆ. ಹೆಕ್ಸೇನ್‌ಗೆ ಇದು ಸುಮಾರು 450 ಪಿಪಿಎಂ. ಮಾರುಕಟ್ಟೆಯ ದ್ರಾವಕದಲ್ಲಿ ಎನ್-ಹೆಕ್ಸೇನ್ ಅರ್ಧದಷ್ಟು ಮಾತ್ರ ಇದೆ ಎಂದು ಉದಾರವಾಗಿ ಲೆಕ್ಕ ಹಾಕಿದರೂ 225. ಮೇಲೆ ಹೇಳಿದ ಮಿತಿಯ ನಾಲ್ಕೂವರೆ ಪಟ್ಟು. ರೋಲರಿನ ಮೇಲೆ ಬಗ್ಗಿ ಒರೆಸುವವನ ಮೂಗಿನ ಹತ್ತಿರ ಇನ್ನೂ ಹೆಚ್ಚು, ಚರ್ಮದ ಮೂಲಕ ಹೋಗುವುದು ಬೇರೆ.

ಈಗ ಇದೇ ಲೆಕ್ಕದಲ್ಲಿ ಫ್ಯಾನ್ ರಿಪೇರಿ ಮಾಡಿಸಿ ಗಂಟೆಗೆ ಹತ್ತು ಸಲ ಗಾಳಿ ಬದಲಾಗುವಂತೆ ಮಾಡಿ. 225 ಇದ್ದದ್ದು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒದ್ದೆ ಬಟ್ಟೆಯನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿದರೆ ಇನ್ನೂ ಇಳಿಯುತ್ತದೆ. ದ್ರಾವಕವನ್ನೇ ಬದಲಿಸಿ, ನಿಧಾನ ಆವಿಯಾಗುವ, ಎನ್-ಹೆಕ್ಸೇನ್ ಇಲ್ಲದ ವಾಶ್ ತಂದರೆ ಈ ಲೆಕ್ಕವೇ ಬೇಕಾಗುವುದಿಲ್ಲ. ಒಂದು ಎಚ್ಚರಿಕೆ: ಮಿಥೈಲ್ ಈಥೈಲ್ ಕೀಟೋನ್ ಬೆರೆತ ದ್ರಾವಕ ಕೊಂಡುಕೊಳ್ಳಬೇಡಿ. ಅದು ತಾನಾಗಿ ಈ ನರರೋಗ ತರುವುದಿಲ್ಲ, ಆದರೆ ಹೆಕ್ಸೇನ್ ಜೊತೆ ಸೇರಿದರೆ ಅದರ ವಿಷವನ್ನು ಹೆಚ್ಚಿಸುತ್ತದೆ. ಮಿತಿಗಳನ್ನೆಲ್ಲ ಒಂದೊಂದೇ ವಸ್ತುವಿಗೆ ಗೊತ್ತುಮಾಡಿದ್ದಾರೆ, ಡ್ರಮ್ಮಿನಲ್ಲಿ ಇರುವುದು ಮಾತ್ರ ಯಾವಾಗಲೂ ಮಿಶ್ರಣ. ಅಪಾಯದ ಅಂದಾಜು ಎಡವುವ ದೊಡ್ಡ ಜಾಗ ಇದು.

ನಿವೃತ್ತ ಕಾರ್ಖಾನೆ ಪರಿವೀಕ್ಷಕ

ತಂಗಿ ಕೇಳಿದ ಮೂಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಇಲಾಖೆಯಲ್ಲಿ ಬಹಳ ವರ್ಷ ಇದ್ದವನಾಗಿ ನೇರವಾಗಿ ಹೇಳುತ್ತೇನೆ. ಕೈಗಾರಿಕಾ ರಾಸಾಯನಿಕವೊಂದನ್ನು ಮಾರುಕಟ್ಟೆಗೆ ಬಿಡುವ ಮೊದಲು ಅದರ ಆರೋಗ್ಯ ಪರಿಣಾಮದ ಮಾಹಿತಿಯನ್ನು ಸರ್ಕಾರಕ್ಕೆ ಕೊಟ್ಟು ನೋಂದಾಯಿಸಬೇಕು ಎಂಬ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಔಷಧಕ್ಕೆ ಇದೆ, ಕೀಟನಾಶಕಕ್ಕೆ ಇದೆ. ರೋಲರ್ ಒರೆಸುವ ದ್ರಾವಕಕ್ಕೆ ಇಲ್ಲ.

ಯಾಕೆ ಹೀಗಾಯಿತು ಎಂದರೆ, ನಮ್ಮ ರಾಸಾಯನಿಕ ಕಾನೂನು ಹುಟ್ಟಿದ್ದೇ ಭೋಪಾಲದ ರಾತ್ರಿಯಲ್ಲಿ. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ಆ ರಾತ್ರಿ ಮಿಥೈಲ್ ಐಸೋಸಯನೇಟ್ ಸೋರಿದ ನಂತರ 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂತು, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಹೊಸ ಅಧ್ಯಾಯ ಸೇರಿತು, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು, 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ, 1996ರಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕೆಂಬ ನಿಯಮಗಳು ಬಂದವು. ಒಂದೊಂದೂ ಬೇಕಾಗಿದ್ದದ್ದೇ. ಆದರೆ ಇವೆಲ್ಲದರ ಕಣ್ಣು ಇರುವುದು ಒಂದೇ ರಾತ್ರಿಯಲ್ಲಿ ಊರನ್ನು ಕೊಲ್ಲುವ ಅನಾಹುತದ ಮೇಲೆ. ಆದ್ದರಿಂದ ಅವು ಕೇಳುವ ಮುಖ್ಯ ಪ್ರಶ್ನೆ ‘ಎಷ್ಟು ಟನ್ ಇಟ್ಟಿದ್ದೀರಿ’ ಎಂಬುದು. ಮಿಥೈಲ್ ಐಸೋಸಯನೇಟ್‌ಗೆ ಮಿತಿ ಪ್ರಮಾಣ 150 ಕಿಲೋ. ಕ್ಲೋರಿನ್‌ಗೆ 10 ಟನ್ ದಾಟಿದರೆ ಒಂದು ಹಂತದ ಹೊಣೆ, 25 ಟನ್ ದಾಟಿದರೆ ಸುರಕ್ಷತಾ ವರದಿಯಂಥ ಮೇಲಿನ ಹಂತದ ಹೊಣೆ. ನೀರು ಶುದ್ಧೀಕರಣಕ್ಕೆ ಬರುವ ಕ್ಲೋರಿನ್‌ನ ದೊಡ್ಡ ಸಿಲಿಂಡರ್, ಅಂದರೆ ಟನ್ನರ್, ಒಂದರಲ್ಲಿ 900 ಕಿಲೋ ಇರುತ್ತದೆ. ಹನ್ನೊಂದು ಟನ್ನರ್ ಇಟ್ಟರೆ 9.9 ಟನ್, ಮಿತಿಯ ಒಳಗೆ. ಹನ್ನೆರಡನೆಯದು ಬಂದರೆ ಹೊರಗೆ. ಪಕ್ಕದ ಮನೆಯವರಿಗೆ ಹನ್ನೊಂದಕ್ಕೂ ಹನ್ನೆರಡಕ್ಕೂ ಏನು ವ್ಯತ್ಯಾಸ?

ಏಳು ಜನರ ಪ್ರೆಸ್ಸು ಕಾರ್ಖಾನೆಯ ವ್ಯಾಖ್ಯೆಗೇ ಬರುವುದಿಲ್ಲ. 1948ರ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ ಹತ್ತು ಕಾರ್ಮಿಕರಿರಬೇಕಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನು ಇಪ್ಪತ್ತಕ್ಕೆ ಏರಿಸಿತು. ಇದನ್ನು ನಾನು ತಪ್ಪು ಹೆಜ್ಜೆ ಎಂದೇ ಭಾವಿಸುತ್ತೇನೆ. ದ್ರಾವಕದ ಆವಿಗೆ ಕೋಣೆಯಲ್ಲಿ ಎಷ್ಟು ಜನ ಇದ್ದಾರೆ ಎಂಬುದು ಗೊತ್ತಾಗುವುದಿಲ್ಲ, ಮತ್ತು ಅತಿ ಸಣ್ಣ ಕೋಣೆಗಳಲ್ಲೇ ಅದು ಅತಿ ದಟ್ಟವಾಗಿ ನಿಲ್ಲುತ್ತದೆ.

ಹಾಗಂತ ಕೈಚೆಲ್ಲಬೇಕಾಗಿಲ್ಲ. 1989ರ ನಿಯಮಗಳಲ್ಲಿ 17ನೆಯ ನಿಯಮವನ್ನು ಓದಿ. ಅಪಾಯಕಾರಿ ರಾಸಾಯನಿಕದ ಮಾನದಂಡಕ್ಕೆ ಬರುವ ಯಾವುದೇ ವಸ್ತುವಿಗೆ ಸುರಕ್ಷತಾ ಮಾಹಿತಿ ಪತ್ರ ಇರಬೇಕು, ಮತ್ತು ಪ್ರತಿ ಪಾತ್ರೆಯ ಮೇಲೆ ಒಳಗೆ ಏನಿದೆ, ತಯಾರಿಸಿದವರು ಅಥವಾ ಆಮದು ಮಾಡಿದವರು ಯಾರು, ಅದರ ಭೌತಿಕ, ರಾಸಾಯನಿಕ ಮತ್ತು ವಿಷಗುಣದ ವಿವರವೇನು ಎಂಬುದು ಸ್ಪಷ್ಟವಾಗಿರಬೇಕು ಎಂದು ಅದು ಹೇಳುತ್ತದೆ. ಈ ನಿಯಮಕ್ಕೆ ಟನ್ನಿನ ಮಿತಿ ಇಲ್ಲ. ಹೆಕ್ಸೇನ್‌ನಷ್ಟು ಬೇಗ ಹೊತ್ತಿಕೊಳ್ಳುವ ದ್ರವ ಆ ಮಾನದಂಡಕ್ಕೆ ಬರುತ್ತದೆ. ಜೊತೆಗೆ 1934ರ ಪೆಟ್ರೋಲಿಯಂ ಕಾಯ್ದೆಯಂತೆ ಇಂಥ ಎ ವರ್ಗದ ದ್ರವವನ್ನು ಪರವಾನಗಿ ಇಲ್ಲದೆ 30 ಲೀಟರ್‌ವರೆಗೆ ಮಾತ್ರ ಇಡಬಹುದು. ಇನ್ನೂರು ಲೀಟರಿನ ಡ್ರಮ್ ಅದನ್ನು ಆಗಲೇ ದಾಟಿದೆ. ನೋಡಿ, ಬೆಂಕಿಯ ವಿಷಯಕ್ಕೆ ಬಂದರೆ ಕಾನೂನು ಲೀಟರ್ ಲೆಕ್ಕಕ್ಕೂ ಇಳಿಯುತ್ತದೆ.

ಮಾಲೀಕರ ಮೇಲೆ ದೂರು ಬರೆಯುವ ಮೊದಲು, ಡ್ರಮ್ ಮಾರಿದವರಿಗೆ 17ನೆಯ ನಿಯಮವನ್ನು ಉಲ್ಲೇಖಿಸಿ ಮಾಲೀಕರಿಂದಲೇ ಒಂದು ಪತ್ರ ಬರೆಸಿ. ಡ್ರಮ್ ತುಂಬಿಸಿದ ಜಾಗ ಕಾರ್ಖಾನೆಯೇ ಆಗಿರುವ ಸಂಭವ ಹೆಚ್ಚು. ಉತ್ತರ ಬಾರದಿದ್ದರೆ ಪತ್ರದ ಪ್ರತಿಯೊಂದಿಗೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಹೋಗಿ.

ಲೋಕಿಕೆರೆ ರಸ್ತೆಯ ಸಣ್ಣ ಉದ್ಯಮಿ

ಆ ತಮ್ಮನ ವಿಷಯ ಓದಿ ಸಂಕಟವಾಯಿತು. ಆದರೂ ಒಂದು ಮಾತು ಹೇಳಬೇಕು, ದಯವಿಟ್ಟು ತಪ್ಪು ತಿಳಿಯಬೇಡಿ. ನಾನು ಹದಿನಾಲ್ಕು ಜನರಿಗೆ ಸಂಬಳ ಕೊಡುತ್ತೇನೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರ, ಅಗ್ನಿಶಾಮಕದವರ ಪತ್ರ, ಪಾಲಿಕೆಯ ಪರವಾನಗಿ, ಜಿಎಸ್‌ಟಿ, ಇಎಸ್‌ಐ ಎಲ್ಲವೂ ಆದ ಮೇಲೆ, ಪ್ರತಿ ರಾಸಾಯನಿಕವನ್ನೂ ನೋಂದಾಯಿಸಿ, ಪರೀಕ್ಷಿಸಿ ಎಂದರೆ ನಮ್ಮಂಥವರು ಬಾಗಿಲು ಹಾಕಬೇಕಾಗುತ್ತದೆ. ಈ ಊರು ಹತ್ತಿ ಗಿರಣಿಗಳು ಮುಚ್ಚಿದ್ದನ್ನು ನೋಡಿದೆ. ಗಿರಣಿ ಮುಚ್ಚಿದ ಬೀದಿಗಳಲ್ಲಿ ಬೆಳೆದವನು ನಾನು. ಆರೋಗ್ಯ ಬೇಕು, ಕೆಲಸವೂ ಬೇಕು.

ಪರಿಸರ ಕಾನೂನು ವಿದ್ಯಾರ್ಥಿನಿ

ಅಣ್ಣ, ನಿಮ್ಮ ಆತಂಕ ನ್ಯಾಯವಾದದ್ದು. ಆದರೆ ನೋಂದಣಿಯ ಭಾರ ನಿಮ್ಮ ಹೆಗಲಿಗೆ ಬರಬೇಕಾಗಿಲ್ಲ. ಯುರೋಪಿನ ರೀಚ್ ಕಾನೂನು 2007ರ ಜೂನ್ 1ರಿಂದ ಜಾರಿಯಲ್ಲಿದೆ. ಅಲ್ಲಿ ವರ್ಷಕ್ಕೆ ಒಂದು ಟನ್ ಅಥವಾ ಹೆಚ್ಚು ತಯಾರಿಸುವವರು, ಆಮದು ಮಾಡುವವರು ನೋಂದಾಯಿಸಬೇಕು. ಮಾಹಿತಿ ಕೊಡದಿದ್ದರೆ ಮಾರುಕಟ್ಟೆ ಇಲ್ಲ. ಹತ್ತು ಟನ್ ಮುಟ್ಟಿದರೆ ಸುರಕ್ಷತಾ ಮೌಲ್ಯಮಾಪನದ ವರದಿ ಕೊಡಬೇಕು, ನೂರು, ಸಾವಿರ ಟನ್ ಆದಂತೆ ಪರೀಕ್ಷೆಗಳು ಹೆಚ್ಚುತ್ತವೆ. ಕೊಂಡು ಬಳಸುವ ಸಣ್ಣ ಉದ್ಯಮಿಗೆ ಬರುವುದು ಆ ಪರೀಕ್ಷೆಗಳ ಫಲ: ಯಾವ ಕೈಗವಸು, ಎಷ್ಟು ಗಾಳಿ, ಯಾವ ಬಳಕೆ ಸಲ್ಲದು ಎಂಬ ವಿವರ. ಪರೀಕ್ಷೆಯ ಖರ್ಚು ಮೇಲಿನವರದು.

ಅಮೆರಿಕ 1976ರಲ್ಲಿ ರಾಸಾಯನಿಕಗಳಿಗೆ ಕಾನೂನು ಮಾಡಿದಾಗ ಆಗಲೇ ಬಳಕೆಯಲ್ಲಿದ್ದ ಸುಮಾರು 62,000 ವಸ್ತುಗಳನ್ನು ಯಾವ ಪರೀಕ್ಷೆಯೂ ಇಲ್ಲದೆ ಒಳಗೆ ಬಿಟ್ಟುಕೊಂಡಿತು, ಅಪಾಯವನ್ನು ಸಾಬೀತು ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿತು. ಪರಿಣಾಮವಾಗಿ 1989ರ ಕಲ್ನಾರು ನಿಷೇಧದ ಬಹುಭಾಗವನ್ನು 1991ರಲ್ಲಿ ನ್ಯಾಯಾಲಯ ರದ್ದು ಮಾಡಿತು. ಕಾನೂನನ್ನು ಗಟ್ಟಿ ಮಾಡಲು 2016ರವರೆಗೆ ಕಾಯಬೇಕಾಯಿತು. ನಾವು ಈ ದಾರಿ ಹಿಡಿಯಬಾರದು. ಕೆನಡಾ ಬೇರೆ ಉಪಾಯ ಮಾಡಿತು: ಬಳಕೆಯಲ್ಲಿದ್ದ ಸುಮಾರು 23,000 ವಸ್ತುಗಳನ್ನು ಜರಡಿ ಹಿಡಿದು, 2006ರ ಹೊತ್ತಿಗೆ ಹೆಚ್ಚಿನ ಗಮನ ಬೇಕಾದ ಸುಮಾರು 4,300ನ್ನು ಬೇರ್ಪಡಿಸಿತು. ನನಗೆ ಇದು ನಮ್ಮ ಶಕ್ತಿಗೆ ಹೊಂದುವ ಕ್ರಮ ಎನಿಸುತ್ತದೆ. ಆಸ್ಟ್ರೇಲಿಯಾದಲ್ಲಿ 2020ರ ಜುಲೈ 1ರಿಂದ ಹೊಸ ಪದ್ಧತಿ ಇದೆ. ಅಲ್ಲಿ ಎಷ್ಟೇ ಸಣ್ಣ ಪ್ರಮಾಣದಲ್ಲಿ ವ್ಯಾಪಾರಕ್ಕಾಗಿ ರಾಸಾಯನಿಕ ತಯಾರಿಸಿದರೂ ತರಿಸಿದರೂ ವ್ಯಾಪಾರಿ ನೋಂದಾಯಿಸಿಕೊಳ್ಳಬೇಕು, ಆದರೆ ಮೌಲ್ಯಮಾಪನದ ಆಳ ಅಪಾಯಕ್ಕೆ ತಕ್ಕಂತೆ ಬದಲಾಗುತ್ತದೆ.

ನಮ್ಮಲ್ಲಿ 2020ರಲ್ಲಿ ರಾಸಾಯನಿಕಗಳ ನಿರ್ವಹಣೆ ಮತ್ತು ಸುರಕ್ಷತೆಯ ಕರಡು ನಿಯಮಗಳು ಹೊರಬಂದವು. ವರ್ಷಕ್ಕೆ ಒಂದು ಟನ್ ಮೀರಿದರೆ ಮಾಹಿತಿ ಸಲ್ಲಿಸಬೇಕು, ಪಟ್ಟಿಯಲ್ಲಿರುವ ವಸ್ತುಗಳನ್ನು ನೋಂದಾಯಿಸಬೇಕು ಎಂಬುದು ಅದರ ತಿರುಳು. ಅದೇ ವರ್ಷ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿ ಜನ ಸತ್ತರು. ಆಗಲಾದರೂ ಕರಡು ಕಾನೂನಾಗುತ್ತದೆ ಎಂದು ನಂಬಿದ್ದೆವು. ಆಗಲಿಲ್ಲ.

ಒಂದೊಂದೇ ವಸ್ತುವಿನ ಮೇಲೆ ಮಾಡಿದ ಕೆಲಸ ನಮ್ಮಲ್ಲಿ ಫಲ ಕೊಟ್ಟದ್ದುಂಟು. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ 2016ರ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಆದರೆ ಅದು ಮನೆ ಮತ್ತು ಅಲಂಕಾರದ ಬಣ್ಣಕ್ಕೆ ಮಾತ್ರ. ಕೈಗಾರಿಕಾ ಬಣ್ಣ ಬಳಿಯುವ ಕಾರ್ಮಿಕ ಅದರ ಹೊರಗೇ ಉಳಿದ.

ಹೊಸದುರ್ಗದ ರೈತ

ನಾವು ಔಷಧಿ ಹೊಡೆಯುವವರು. ಪರಿವೀಕ್ಷಕರು ಹೇಳಿದ್ದನ್ನು ಓದಿ ಆಶ್ಚರ್ಯವಾಯಿತು. ನಮ್ಮ ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಎಂದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಓದಲು ಬಾರದ ನಮ್ಮ ಅಪ್ಪನಿಗೂ ಕೆಂಪು ಡಬ್ಬಿ ಎತ್ತರದಲ್ಲಿ ಇಡಬೇಕು ಎಂದು ಗೊತ್ತಿತ್ತು. ಪ್ರೆಸ್ಸಿನ ಡ್ರಮ್ಮಿಗೆ ಅಷ್ಟೂ ಇಲ್ಲವೇ?

ನಿವೃತ್ತ ಕಾರ್ಖಾನೆ ಪರಿವೀಕ್ಷಕ

ಆ ತ್ರಿಕೋನ ಸುಮ್ಮನೆ ಬಂದದ್ದಲ್ಲ, ಗೌಡರೇ. 1958ರಲ್ಲಿ ಕೇರಳದ ಕಡೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ತನಿಖಾ ಆಯೋಗ ಕುಳಿತಿತು, ಹತ್ತು ವರ್ಷದ ನಂತರ 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. ಆದ್ದರಿಂದ ಕೀಟನಾಶಕ ನೋಂದಣಿಯಾಗದೆ ಅಂಗಡಿಗೆ ಬರುವಂತಿಲ್ಲ. ಆದರೆ ಬಣ್ಣ ಹೇಳುವುದು ಒಂದೇ ಸಲಕ್ಕೆ ದೇಹಕ್ಕೆ ಹೋದರೆ ಎಷ್ಟರಲ್ಲಿ ಸಾವು ಎಂಬುದನ್ನು. ಇಲಿಯ ತೂಕದ ಪ್ರತಿ ಕಿಲೋಗೆ ಬಾಯಿಯಿಂದ 50 ಮಿಲಿಗ್ರಾಂವರೆಗೆ ಸಾಕಾದರೆ ಕೆಂಪು. ದಿನವೂ ಸ್ವಲ್ಪ ಸ್ವಲ್ಪ ಹತ್ತು ವರ್ಷ ಹೋದರೆ ಏನಾಗುತ್ತದೆ ಎಂಬುದನ್ನು ಆ ಬಣ್ಣ ಹೇಳುವುದಿಲ್ಲ. ಎಂಡೋಸಲ್ಫಾನ್ ಡಬ್ಬಿಯ ಮೇಲೂ ಬಣ್ಣವಿತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ತಡೆಯುವವರೆಗೆ ದೇಶದ ಬಹುಪಾಲು ಕಡೆ ಅದು ಮಾರಾಟವಾಗುತ್ತಲೇ ಇತ್ತು. ಹಸಿರು ಎಂದು ಬರಿಗೈಯಲ್ಲಿ ಕಲಸಬೇಡಿ.

ಲೋಕಿಕೆರೆ ರಸ್ತೆಯ ಅವರಿಗೆ ಒಂದು ಮಾತು. ನೀವು ದ್ರಾವಕ ಕೊಳ್ಳುವಾಗ ಬಿಲ್ ಜೊತೆ ಮಾಹಿತಿ ಪತ್ರ ಕೊಟ್ಟರೆ ಮಾತ್ರ ಇಳಿಸಿಕೊಳ್ಳುತ್ತೇನೆ ಎಂದು ಹೇಳಿ. ನಿಮ್ಮ ರಸ್ತೆಯಲ್ಲಿ ಹತ್ತು ಜನ ಹೀಗೆ ಹೇಳಿದರೆ ಸಾಕು, ನೋಂದಣಿ ಕಾನೂನು ಬರುವ ಮೊದಲೇ ಅರ್ಧ ಕೆಲಸ ಆಗುತ್ತದೆ. ಅದಕ್ಕೆ ನಿಮಗೆ ಒಂದು ರೂಪಾಯಿ ಖರ್ಚಿಲ್ಲ.

ಲೋಕಿಕೆರೆ ರಸ್ತೆಯ ಸಣ್ಣ ಉದ್ಯಮಿ

ಒಪ್ಪಿದೆ ಸರ್. ಇವತ್ತು ನಮ್ಮ ಗೋದಾಮಿನಲ್ಲಿ ನೋಡಿದೆ. ಆರು ಡ್ರಮ್ಮುಗಳಲ್ಲಿ ಎರಡಕ್ಕೆ ಲೇಬಲ್ ಇಲ್ಲ. ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಿಟುವಳ್ಳಿ ಅಕ್ಕ (ಐದು ವಾರಗಳ ನಂತರ)

ಎಲ್ಲರಿಗೂ ತಿಳಿಸಬೇಕಾದ್ದು ನನ್ನ ಕರ್ತವ್ಯ. ಪರಿವೀಕ್ಷಕರು ಹೇಳಿದಂತೆ ಪತ್ರ ಬರೆದೆವು, ಮಾಲೀಕರು ಅವರೇ ಸಹಿ ಮಾಡಿದರು. ಮಾರಿದವರು ಎರಡು ಸಲ ಫೋನ್ ಎತ್ತಲಿಲ್ಲ. ಮೂರನೆಯ ಸಲ ನಿಯಮದ ಸಂಖ್ಯೆ ಹೇಳಿದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಪುಟದ ಕಾಗದ ಕಳಿಸಿದರು. ಮೂರನೆಯ ಪುಟದಲ್ಲಿ ಮೇಷ್ಟ್ರು ಹೇಳಿದ 110-54-3 ಇತ್ತು. ಎದುರಿಗೆ ಪ್ರಮಾಣ ಬರೆಯುವ ಜಾಗ ಖಾಲಿ ಇತ್ತು. ಅದನ್ನು ತುಂಬಿಸಿ ಕಳಿಸಲು ಮತ್ತೆ ಬರೆದಿದ್ದೇವೆ, ಇಲಾಖೆಗೂ ಪ್ರತಿ ಕೊಟ್ಟಿದ್ದೇವೆ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿದ್ದೇನೆ.

ನರಗಳ ತಜ್ಞರು ಎನ್‌ಸಿವಿ ಮಾಡಿಸಿ, ಎರಡೂ ಕಾಲಿನ ನರಗಳಲ್ಲಿ ಸಂಕೇತ ನಿಧಾನವಾಗಿದೆ ಎಂದರು. ಕೆಲಸದ ಚೀಟಿಯನ್ನು ಓದಿ, ‘ಇದನ್ನು ಮೊದಲೇ ತಂದಿದ್ದರೆ ಒಳ್ಳೆಯದಿತ್ತು’ ಎಂದರು. ತಮ್ಮ ಡ್ರಮ್ ಬಿಟ್ಟು ಐದು ವಾರವಾಯಿತು, ಆದರೂ ಜೋಮು ಪಾದದಿಂದ ಗಿಣ್ಣಿನವರೆಗೆ ಏರಿದೆ. ಹೆದರಿ ಮತ್ತೆ ಹೋದೆವು. ಈ ಕಾಯಿಲೆಯಲ್ಲಿ ದ್ರಾವಕ ಬಿಟ್ಟ ಮೇಲೂ ಕೆಲವು ವಾರ, ತಿಂಗಳು ಹೆಚ್ಚಾಗಿ, ಆಮೇಲೆ ನಿಧಾನವಾಗಿ ಇಳಿಯುವುದುಂಟು ಎಂದು ವೈದ್ಯರು ವಿವರಿಸಿದರು.

ಪ್ರೆಸ್ಸಿನಲ್ಲಿ ಫ್ಯಾನ್ ರಿಪೇರಿಯಾಗಿದೆ, ಕಿಟಕಿ ತೆಗೆದಿದ್ದಾರೆ, ಕಾಗದದ ಮೇಲೆ ಕಲ್ಲು ಇಡುತ್ತಾರೆ. ಉಳಿದ ಆರು ಜನರನ್ನೂ ಮಾಲೀಕರು ಪರೀಕ್ಷೆಗೆ ಕಳಿಸಿದರು, ಅವರೂ ಹೋದರು. ಮಾಲೀಕರ ಕಾಲಿನ ಬೆರಳಿಗೂ ಸೂಜಿ ಚುಚ್ಚಿದ್ದು ತಿಳಿಯಲಿಲ್ಲವಂತೆ.